ಬಿಳಿ ಪುಡಿಯ ಮೇಲೊಂದು ಕಪ್ಪು ಗೆರೆ

ಕುಂಬಾರಕೊಪ್ಪಲಿನಲ್ಲಿ ಬೀದಿದೀಪಗಳು ಇನ್ನೂ ಆರಿಲ್ಲ. ಧನುರ್ಮಾಸದ ಚಳಿ. ಹಾಲಿನ ಬೂತಿನ ಮುಂದೆ ಕ್ರೇಟು ಇಳಿಸುವ ಸದ್ದು ಬಿಟ್ಟರೆ ಬೀದಿಯಲ್ಲಿ ಬೇರೆ ಸದ್ದಿಲ್ಲ. ತಲೆಗೆ ಮಫ್ಲರ್ ಸುತ್ತಿಕೊಂಡ ಚನ್ನಬಸವಯ್ಯ ತಮ್ಮ ಗ್ಯಾರೇಜಿನ ಮುಂದಿನ ಕಲ್ಲಿನ ಮೇಲೆ ಕುಳಿತು ರಸ್ತೆ ನೋಡುತ್ತಿದ್ದಾರೆ. ಷಟರ್ ಎತ್ತಿಲ್ಲ, ಎತ್ತುವ ಹೊತ್ತೂ ಅಲ್ಲ. ತಿರುವಿನಲ್ಲಿ ಬಿಳಿ ಬಣ್ಣದ ಹಳೆಯ ಡೀಸೆಲ್ ಕಾರೊಂದು ಕಾಣಿಸುತ್ತದೆ. ಗ್ಯಾರೇಜಿನ ಎದುರಿನ ರಸ್ತೆಯುಬ್ಬಿನ ಬಳಿ ನಿಧಾನವಾಗಿ, ಹತ್ತಿ, ಇಳಿದು ಹೋಗುತ್ತದೆ. ಸ್ಟೀರಿಂಗ್ ಹಿಡಿದ ಭಾನುಪ್ರಿಯಾ ಇವರತ್ತ ತಿರುಗುವುದಿಲ್ಲ.

ಕಾರು ಮರೆಯಾದ ಮೇಲೆ ಅವರು ಮೊಣಕಾಲಿಗೆ ಕೈಯೂರಿ ಏಳುತ್ತಾರೆ. ಟಾರ್ಚ್ ಹಿಡಿದು ಉಬ್ಬಿನ ಪಕ್ಕ ಕುಕ್ಕರಗಾಲಿನಲ್ಲಿ ಕೂರುತ್ತಾರೆ. ಡಾಂಬರಿನ ಮೇಲೆ ಹೊಳೆಯುವ ಹನಿಯೊಂದನ್ನು ತೋರುಬೆರಳಿಗೆ ಅಂಟಿಸಿಕೊಂಡು ಹೆಬ್ಬೆರಳಿನಿಂದ ಉಜ್ಜಿ ನೋಡುತ್ತಾರೆ.

"ಉಬ್ಬು ಹತ್ತಿ ಇಳಿವಾಗ ಗಾಡಿ ಅಲ್ಲಾಡುತ್ತಲ್ಲ, ತಳದಲ್ಲಿ ಕೂತಿರೋ ಎಣ್ಣೆ ಇಲ್ಲೇ ಉದುರೋದು. ನಿನ್ನೆ ಎರಡು ಹನಿ ಇತ್ತು," ಎನ್ನುತ್ತಾರೆ. ಇವತ್ತಿನದನ್ನು ಇನ್ನೂ ಎಣಿಸುತ್ತಿದ್ದಾರೆ. ಟಾರ್ಚ್ ಅಲ್ಲಲ್ಲಿ ಸುಳಿದಾಡುತ್ತಿದೆ.

ಕಾರಿನ ಎಂಜಿನ್ನಿನಿಂದ ಎಣ್ಣೆ ಎಲ್ಲಿ ಸೋರುತ್ತಿದೆ ಎಂದು ಹುಡುಕಿಕೊಡುವುದು ಚನ್ನಬಸವಯ್ಯನವರ ಕಸುಬು. ಅರವತ್ತು ದಾಟಿದೆ. ಬೋರ್ಡಿಲ್ಲದ ಈ ಶೆಡ್ಡನ್ನು ಬೀದಿಯವರು 'ಅಯ್ನೋರ ಗ್ಯಾರೇಜು' ಎನ್ನುತ್ತಾರೆ. ಅವರದು ಮಠದಲ್ಲಿ ಪೂಜೆ ಮಾಡಿಕೊಂಡಿದ್ದ ಮನೆತನ. ತಂದೆ ಪೂಜೆ ಬಿಟ್ಟು ಮಠದ ಜೀಪಿನ ಸ್ಟೀರಿಂಗ್ ಹಿಡಿದರು, ಮಗ ಆ ಜೀಪಿನ ಕೆಳಗೇ ಮಲಗಿ ಕೆಲಸ ಕಲಿತರು. ಹಣೆಯ ವಿಭೂತಿ ಮಾತ್ರ ತಪ್ಪಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದರ ಮೇಲೊಂದು ಗ್ರೀಸಿನ ಪಟ್ಟೆಯೂ ಸೇರಿಕೊಂಡಿರುತ್ತದೆ.

"ಎಣ್ಣೆ ತೊಟ್ಟಿಕ್ಕೋ ಜಾಗ ಬೇರೆ, ಹೊರಡೋ ಜಾಗ ಬೇರೆ. ಮೇಲೆಲ್ಲೋ ಹೊರಟು, ಎಂಜಿನ್ ಮೈ ಮೇಲೆ ಇಳಿದು, ಗಾಳಿಗೆ ಹಿಂದಕ್ಕೆ ಹೋಗಿ, ಆಮೇಲೆ ಕೆಳಗೆ ಬೀಳುತ್ತೆ. ಬಿದ್ದ ಜಾಗ ನೋಡಿ ಬಿಚ್ಚೋಕೆ ಹೋದ್ರೆ ಸುಮ್ನೆ ಗಿರಾಕಿ ಕಳ್ಕೋಬೇಕು, ಅಷ್ಟೇ."

ಹಾಗಾಗಿ ಅವರ ಪದ್ಧತಿ ನಿಧಾನದ್ದು. ಮೊದಲು ಸೀಮೆಎಣ್ಣೆ ಮತ್ತು ಬ್ರಷ್ಷಿನಿಂದ ಎಂಜಿನ್ನಿನ ಜಿಡ್ಡೆಲ್ಲ ತೊಳೆಯುತ್ತಾರೆ. ಪೂರ್ತಿ ಒಣಗಿದ ಮೇಲೆ ಮೈಗೆ ಹಚ್ಚುವ ಪೌಡರನ್ನು ತೆಳುಬಟ್ಟೆಯಲ್ಲಿ ಕಟ್ಟಿ, ಎಂಜಿನ್ನಿನ ಮೇಲೆಲ್ಲ ತಟ್ಟುತ್ತಾರೆ. ಗಾಡಿಯನ್ನು ಚಾಮುಂಡಿ ಬೆಟ್ಟ ಹತ್ತಿಸಿ ಇಳಿಸಿಕೊಂಡು ಬರಬೇಕು. ಏರಿನಲ್ಲಿ ಎಂಜಿನ್ ಚೆನ್ನಾಗಿ ಕಾದಾಗ ಎಣ್ಣೆ ಎಲ್ಲಿಂದ ಹೊರಟಿತೋ ಅಲ್ಲಿ ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಮೂಡಿರುತ್ತದೆ. ಬೆಟ್ಟದಿಂದ ಬಂದ ಕೂಡಲೇ ಬಾನೆಟ್ ಎತ್ತಿ ನೋಡಬೇಕು, ನಡುವೆ ಯಾರೂ ಮುಟ್ಟಬಾರದು.

ಮೊದಲು ಮೂಗೂ ಜೊತೆಗಿತ್ತು. ಎಂಜಿನ್ ಎಣ್ಣೆಯೋ ಗೇರ್ ಎಣ್ಣೆಯೋ ಬ್ರೇಕಿನದೋ, ಮೂಸಿಯೇ ಹೇಳುತ್ತಿದ್ದರು. ಕೊರೊನಾ ಬಂದು ಹೋದಾಗ ವಾಸನೆಯನ್ನೂ ಕೊಂಡೊಯ್ದಿತು, ಮರಳಿ ಬರಲಿಲ್ಲ. ಈಗ ಶೆಡ್ಡಿನ ಹಿಂದಿನ ಮನೆಯಿಂದ ಹೆಂಡತಿ ಗಿರಿಜಾಂಬಾರನ್ನು ಕೂಗಿ ಕರೆಸಿಕೊಳ್ಳುತ್ತಾರೆ. ಅವರು ಸೆರಗಿಗೆ ಕೈ ಒರೆಸಿಕೊಂಡು ಬಂದು ಎಣ್ಣೆ ಒರೆಸಿದ ಬಟ್ಟೆ ಚೂರನ್ನು ಮೂಸಿ ತೀರ್ಪು ಕೊಡುತ್ತಾರೆ.

"ಗೇರ್ ಎಣ್ಣೆ ಅಂದ್ರೆ ಕೊಳೆತ ಬೆಳ್ಳುಳ್ಳಿ ನಾತ. ಅದನ್ನ ಮೂಸಿ ಹೋಗಿ ಒಗ್ಗರಣೆ ಹಾಕಿದ್ರೆ, ಸಾರು ಎಂಗಿದೆ ಅಂತ ಇವ್ರಿಗೆ ತಿಳಿಯೋದೂ ಇಲ್ಲ," ಎನ್ನುತ್ತಾರೆ ಗಿರಿಜಾಂಬಾ. ಗಂಡ ನಗುವುದಿಲ್ಲ. ಸಾರಿನ ವಾಸನೆ ತಿಳಿಯದೆ ವರ್ಷಗಳಾದವು.

ಗಿರಾಕಿಗಳೂ ಕಡಿಮೆಯಾಗಿದ್ದಾರೆ. ವಿಜಯನಗರದ ಹೊಸ ಮನೆಗಳ ಮುಂದೆ ನಿಂತ ಕಾರುಗಳಿಗೆ ಕಂಪನಿಯ ಸರ್ವೀಸ್ ಇದೆ. ಕೆಲವಕ್ಕೆ ಎಂಜಿನ್ ಎಣ್ಣೆಯೇ ಬೇಡ, ಬ್ಯಾಟರಿ ಸಾಕು. ವಾರಕ್ಕೆ ಎರಡೋ ಮೂರೋ ಹಳೆಯ ಗಾಡಿ ಬಂದರೆ ಹೆಚ್ಚು. ಎಂಜಿನ್ ಬೆಲ್ಟಿಗೆ ಸಿಕ್ಕು ಬಲಗೈಯ ಕಿರುಬೆರಳು ಅರ್ಧ ಹೋಗಿದೆ, ಸೊಂಟ ನೆಟ್ಟಗೆ ನಿಲ್ಲುವುದಿಲ್ಲ. ಹೇಗೋ ದಿನ ದೂಡುತ್ತಿದ್ದರು. ಆಯುಧಪೂಜೆಯ ಹಿಂದಿನ ವಾರ ಭಾನುಪ್ರಿಯಾ ಬಂದರು.

ಭಾನುಪ್ರಿಯಾ ಅವರದು ಎರಡು ಬೀದಿ ಆಚೆಯ ಮನೆ. ಕಾರು ಗಂಡ ಅಮರೇಶ್ ಓಡಿಸುತ್ತಿದ್ದದ್ದು. ಪಾರ್ಶ್ವವಾಯು ಹೊಡೆದು ಅವರು ಹಾಸಿಗೆ ಹಿಡಿದ ಮೇಲೆ ಇವರು ಲೈಸೆನ್ಸ್ ಮಾಡಿಸಿಕೊಂಡರು. ಬೆಳಗಿನ ಪಾಳಿಗೆ ನಂಜನಗೂಡು ರಸ್ತೆಯ ಕಾರ್ಖಾನೆಗೆ ಹೋಗುವ ನಾಲ್ವರು ಹೆಣ್ಣುಮಕ್ಕಳನ್ನು ಕರೆದೊಯ್ದು, ಸಂಜೆ ಕರೆತರುತ್ತಾರೆ. ಮನೆ ನಡೆಯುವುದು ಅದರಿಂದಲೇ. ನಿಂತ ಜಾಗದಲ್ಲೆಲ್ಲ ಎಣ್ಣೆ ಚುಕ್ಕೆ ಬೀಳುತ್ತಿದೆ ಎಂದಾಗ ಚನ್ನಬಸವಯ್ಯ ಧೈರ್ಯ ಹೇಳಿದರು. ಎಂಜಿನ್ನಿನ ಮೇಲುಮುಚ್ಚಳ, ಟ್ಯಾಪೆಟ್ ಕವರಿನ ಸಂದಿಯ ರಬ್ಬರ್ ಪ್ಯಾಕಿಂಗ್ ಹೋಗಿರಬೇಕು, ಬದಲಿಸಿದರೆ ಮುಗಿಯಿತು ಎಂದರು. ಕಾರ್ಖಾನೆಗೆ ರಜೆಯಿದ್ದ ದಿನ ಎಂಜಿನ್ ತೊಳೆದರು, ಪುಡಿ ತಟ್ಟಿದರು, ಬೆಟ್ಟಕ್ಕೆ ಕಳಿಸಿದರು.

ಬೆಟ್ಟ ಇಳಿದ ಭಾನುಪ್ರಿಯಾ ಗಂಡನಿಗೆ ಮಾತ್ರೆ ಕೊಡಲೆಂದು ಮನೆಯ ಮುಂದೆ ನಿಲ್ಲಿಸಿದರು. ಅವತ್ತು ಆಯುಧಪೂಜೆ. ಅತ್ತೆ ಪುಟ್ಟತಾಯಮ್ಮ ಪೂಜೆಗೆ ಕಾಯುತ್ತಿದ್ದರು. ಒಳಗಿನ ಯಂತ್ರಕ್ಕೂ ಪೂಜೆಯಾಗಲಿ ಎಂದು ಸೊಸೆಯಿಂದ ಬಾನೆಟ್ ಎತ್ತಿಸಿಟ್ಟುಕೊಂಡರು. ಸೊಸೆ ಒಳಗೆ ಮಾತ್ರೆ ನುಂಗಿಸಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಬಾನೆಟ್ ಒಳಗೆಲ್ಲ ಬೆಳ್ಳಗೈತೆ. ಅಯ್ನೋರು ಇಬೂತಿ ಬಳಿದವ್ರೆ, ಅದು ಎಣ್ಣೆ ಮೆತ್ಕೊಂಡು ಕೆಟ್ಟೋಗೈತೆ ಅಂದ್ಕೊಂಡೆ ಕಣಪ್ಪ. ಅಂಗೇ ಬುಡಕಾಯ್ತದಾ? ಒದ್ದೆಬಟ್ಟೆ ತಗಂಡು ಸುದ್ಧವಾಗಿ ಒರಸ್ಬುಟ್ಟು, ಮನೆ ಇಬೂತಿಲಿ ನಾನೇ ಮೂರು ಪಟ್ಟೆ ಎಳ್ದೆ," ಎನ್ನುತ್ತಾರೆ ಪುಟ್ಟತಾಯಮ್ಮ. ಅದರಲ್ಲಿ ತಪ್ಪೇನಿತ್ತು ಎಂಬುದು ಅವರಿಗೆ ಈಗಲೂ ಅರ್ಥವಾಗಿಲ್ಲ.

ಗ್ಯಾರೇಜಿನಲ್ಲಿ ಬಾನೆಟ್ ಎತ್ತಿದಾಗ ಪುಡಿಯೂ ಇಲ್ಲ, ಗೆರೆಯೂ ಇಲ್ಲ. ಮೂರು ಪಟ್ಟೆ ವಿಭೂತಿ, ಅರಿಶಿನ, ಕುಂಕುಮ, ಎಂಜಿನ್ನಿನ ನೆತ್ತಿಯ ಮೇಲೊಂದು ಸೇವಂತಿಗೆ. ಬೀದಿಗೆ ಕೇಳುವಂತೆ ನಕ್ಕರು ಚನ್ನಬಸವಯ್ಯ. "ಇನ್ನೊಂದು ಸಲ ನೋಡೋಣ ಬುಡಮ್ಮ, ಏನೂ ಅವಸರ ಇಲ್ಲ," ಎಂದರು.

ದಸರಾ ಜನ ಊರು ತುಂಬಿತ್ತು. ಬಿಡುವಿನ ಹೊತ್ತಿನಲ್ಲಿ ಭಾನುಪ್ರಿಯಾಗೆ ದೀಪಾಲಂಕಾರ ನೋಡುವವರ ಬಾಡಿಗೆಗಳು ಸಿಕ್ಕವು. ಊರೊಳಗಿನ ನಿಧಾನದ ಓಡಾಟ, ಎಂಜಿನ್ ಅಷ್ಟಾಗಿ ಕಾಯಲಿಲ್ಲ, ಹನಿಯೂ ಕಡಿಮೆಯಾಯಿತು. ಅತ್ತೆಯ ಪೂಜೆ ಫಲಿಸಿತೆಂದು ಸೊಸೆ ತಮಾಷೆ ಮಾಡುತ್ತಿದ್ದರು. ಆ ದಿನಗಳನ್ನು ನೆನೆಯುವಾಗ ಚನ್ನಬಸವಯ್ಯನವರ ದನಿ ಇಳಿಯುತ್ತದೆ. "ಆ ಅಜ್ಜಿ ಒರೆಸಿದ್ದೇ ಒಳ್ಳೇದಾಯ್ತೇನೋ. ಒಂದಷ್ಟು ದಿನ ಆ ಹುಡುಗಿ ನೆಮ್ಮದಿಯಾಗಿ ನಿದ್ದೆ ಮಾಡಿದ್ಲು."

ಹಬ್ಬ ಕಳೆದು ಹನಿ ಮತ್ತೆ ಹೆಚ್ಚಿತು. ಎರಡನೆಯ ಸಲ ಚನ್ನಬಸವಯ್ಯನವರೇ ಕಾರಿನಲ್ಲಿ ಕುಳಿತು ಬೆಟ್ಟಕ್ಕೆ ಹೋದರು. ದಾರಿಯಲ್ಲಿ ಯಾರೂ ಮುಟ್ಟಲಿಲ್ಲ. ಶೆಡ್ಡಿಗೆ ಬಂದು ಟಾರ್ಚ್ ಬಿಟ್ಟಾಗ ಟ್ಯಾಪೆಟ್ ಕವರಿನ ಸುತ್ತ ಪುಡಿ ಹಚ್ಚಿದ್ದು ಹಚ್ಚಿದ ಹಾಗೇ ಇತ್ತು. ಪ್ಯಾಕಿಂಗ್ ಗಟ್ಟಿಯಾಗಿದೆ ಎಂದರ್ಥ. ಅಲ್ಲಿ ಒದ್ದೆಯಾಗಿದ್ದರೆ ಅವರಿಗೆ ಖುಷಿಯಾಗುತ್ತಿತ್ತು. ಟಾರ್ಚ್ ಕೆಳಗಿಳಿಯಿತು. ಆಯಿಲ್ ಫಿಲ್ಟರಿನ ಹಿಂದೆ, ಎಂಜಿನ್ ಬ್ಲಾಕಿನ ಬೀಡುಕಬ್ಬಿಣದ ಮೈಮೇಲೆ, ಕೂದಲೆಳೆಯಷ್ಟು ತೆಳ್ಳನೆಯ ಕಪ್ಪು ಗೆರೆ.

ಅದನ್ನು ಒರೆಸಿದರು. ಮತ್ತೆ ಪುಡಿ ತಟ್ಟಿ ಎಂಜಿನ್ ಚಾಲೂ ಮಾಡಿಸಿದರು. ಗೆರೆ ಅಲ್ಲೇ ಮೂಡಿತು. ಫಿಲ್ಟರ್ ಬಿಚ್ಚಿ ಹೊಸದು ಹಾಕಿ ನೋಡಿದರು. ಅಲ್ಲೇ ಮೂಡಿತು. ಗಿರಿಜಾಂಬಾ ಬಟ್ಟೆ ಮೂಸಿ, "ಎಂಜಿನ್ ಎಣ್ಣೆನೇ ಕಣ್ರೀ, ಸುಟ್ಟ ವಾಸ್ನೆ," ಎಂದು ತಲೆ ತಗ್ಗಿಸಿ ಒಳಗೆ ಹೋದರು.

ಬ್ಲಾಕೇ ಬಿರುಕು ಬಿಟ್ಟಿದೆ. ಒಳಗೆ ಎಣ್ಣೆ ಒತ್ತಡದಲ್ಲಿ ಹರಿಯುವ ದಾರಿ ಅದು. ಬೆಸುಗೆ ನಿಲ್ಲುವ ಜಾಗವಲ್ಲ. ಬೇರೆ ಎಂಜಿನ್ ಕೂರಿಸಲು ಬೀಳುವ ಖರ್ಚು ಆ ಕಾರಿನ ಬೆಲೆಗಿಂತ ಹೆಚ್ಚು.

"ಪ್ಯಾಕಿಂಗ್ ಅಂತ ಹೇಳಿ ಅಯ್ನೋರೇ," ಎಂದರು ಭಾನುಪ್ರಿಯಾ.

"ಹೇಳ್ಬೋದಮ್ಮ. ಹೇಳಿದ್ರೆ ಅದು ಪ್ಯಾಕಿಂಗ್ ಆಗುತ್ತಾ?"

"ಅಂಟು ಸಿಗುತ್ತಂತಲ್ಲ, ಕಬ್ಬಿಣಕ್ಕೆ ಮೆತ್ತೋದು. ಅದನ್ನಾದ್ರೂ ಮೆತ್ತಿಕೊಡಿ. ಸಂಕ್ರಾಂತಿ ತನಕ ಓಡಿದ್ರೆ ಸಾಕು."

"ನಾಳೆ ನಂಜನಗೂಡು ರೋಡಲ್ಲಿ ಅದು ಕಿತ್ತು ಬಂದ್ರೆ? ಒಂದೇ ಸಮ ಎಣ್ಣೆ ಖಾಲಿ. ಎಂಜಿನ್ ಕಚ್ಕೊಂಡು ಗಾಡಿ ನಡುರೋಡಲ್ಲಿ ನಿಂತ್ಕೊಂಡ್ರೆ ಹಿಂದೆ ಲಾರಿ ಬರ್ತಿರುತ್ತೆ. ನಾಲ್ಕು ಜನ ಹೆಣ್ಮಕ್ಕಳಿರ್ತಾರೆ. ನಾನು ಮೆತ್ತಲ್ಲ ಕಣಮ್ಮ."

"ಗಾಡಿ ನಿಲ್ಸಿದ್ರೆ ನಾಳೆ ಒಲೆ ಮೇಲೆ ಏನಿಡ್ಲಿ? ಅದನ್ನೂ ನೀವೇ ಹೇಳಿ."

 ಚನ್ನಬಸವಯ್ಯ ಒಂದು ಮಾತನ್ನು ಮಾತ್ರ ಮತ್ತೆ ಮತ್ತೆ ಹೇಳಿ ಕಳಿಸಿದರು. ಮೀಟರಿನ ಹತ್ತಿರ ಆಯಿಲ್‌ನ ಕೆಂಪು ದೀಪ ಹತ್ತಿದರೆ ಮುಂದಿನ ತಿರುವಿನವರೆಗೂ ಹೋಗಬೇಡ, ಆ ಕ್ಷಣವೇ ಪಕ್ಕಕ್ಕೆ ತೆಗೆದು ಎಂಜಿನ್ ಆಫ್ ಮಾಡು. ಮರುದಿನ ಭಾನುಪ್ರಿಯಾ ಬೇರೆಲ್ಲೋ ಅಂಟು ಮೆತ್ತಿಸಿಕೊಂಡರು. ಅಂದಿನಿಂದ ಈ ಬೀದಿಯಲ್ಲಿ ಹೋಗುವಾಗ ಅವರು ಗ್ಯಾರೇಜಿನತ್ತ ನೋಡುವುದಿಲ್ಲ. ಬೀದಿಯಲ್ಲಿ ಚನ್ನಬಸವಯ್ಯನವರಿಗೆ ಹೊಸ ಹೆಸರೂ ಬಂದಿದೆ: ಕಲ್ಲುಮನಸ್ಸಿನ ಅಯ್ನೋರು. ಕಂಪನಿಯ ಸರ್ವೀಸಿನವರಿಗಿಂತ ಇವರೇ ಮೇಲು ಎನ್ನುತ್ತಿದ್ದ ಹಳೆಯ ಗಿರಾಕಿಗಳೂ, ಇಲ್ಲಿಗೆ ಬಂದರೆ ಗಾಡಿಯ ಆಯಸ್ಸು ಮುಗಿಯಿತು ಎಂದೇ ಅಯ್ನೋರು ಹೇಳಿಬಿಡುತ್ತಾರೆ ಎಂದು ಹಿಂದೆ ಸರಿಯುತ್ತಿದ್ದಾರೆ.

"ಗುಜರಿಗೆ ಹಾಕು ಅನ್ನೋ ಮಾತು ಆಡೋಕೆ ನಾನು ಈ ಕೆಲಸ ಕಲೀಲಿಲ್ಲ," ಎನ್ನುತ್ತಾರೆ ಅವರು. "ಎಲ್ಲಿ ಹೋಗಿದೆ ಅಂತ ತೋರಿಸ್ತೀನಿ. ಸರಿ ಮಾಡೋಕಾಗುತ್ತೆ ಅಂತ ತಾನೇ ತೋರಿಸೋದು? ಸರಿಯಾಗ್ದೇ ಇರೋದನ್ನ ಕಂಡುಹಿಡಿದು ಯಾರಿಗೇನು ಬಂತು?"

ಬೆಳಕು ಹರಿಯುತ್ತಿದೆ. ಉಬ್ಬಿನ ಮೇಲಿನ ಹನಿಗಳನ್ನು ಬಟ್ಟೆ ಚೂರಿಗೆ ಒತ್ತಿಕೊಂಡು ಅವರು ಮನೆಯ ಕಡೆ ನಡೆಯುತ್ತಾರೆ. ರಸ್ತೆಯಲ್ಲಿ ಬಿದ್ದದ್ದು ಬೇರೆ ಗಾಡಿಯದಿರಬಹುದು, ಬೇರೆ ಎಣ್ಣೆಯಿರಬಹುದು ಎಂಬ ಆಸೆ ದಿನವೂ ಆ ಹತ್ತು ಹೆಜ್ಜೆಯಷ್ಟೇ ಬಾಳುತ್ತದೆ. ಬಾಗಿಲಲ್ಲಿ ಗಿರಿಜಾಂಬಾ ಬಟ್ಟೆ ಇಸಿದುಕೊಂಡು ಮೂಸುತ್ತಾರೆ. "ಅದೇ ಸುಟ್ಟ ವಾಸ್ನೆ ಕಣ್ರೀ," ಎಂದು ವಾಪಸು ಕೊಡುತ್ತಾರೆ.

ಚನ್ನಬಸವಯ್ಯ ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು ಷಟರಿನ ಬೀಗಕ್ಕೆ ಕೈ ಹಾಕುತ್ತಾರೆ.

"ನಾನು ತೋರಿಸಿದ ಜಾಗ ಇಲ್ಲೀತನಕ ತಪ್ಪಿಲ್ಲ. ಇದೊಂದು ತಪ್ಪಿಬುಡ್ಲಿ. ಭಾನುಪ್ರಿಯಾ ಇಲ್ಲೇ ಗಾಡಿ ನಿಲ್ಸಿ, ಅಯ್ನೋರ ಕಣ್ಣೂ ಹೋಗೈತೆ ಅಂತ ಬೀದಿಗೆಲ್ಲ ಕೇಳೋ ಹಂಗೆ ಬೈದು ಹೋಗ್ಲಿ. ನಾನು ಈ ಕಲ್ಲಿನ ಮೇಲೆ ಕೂತ್ಕೊಂಡು ಕೇಳಿಸ್ಕೋತೀನಿ."