ಗಾಜಿನ ಮೇಲೆ ಒಂದು ಇಂಟು

ಇಂಟು ಮೇಸ್ತ್ರಿಗೆ ಆ ಹೆಸರು ಬಿದ್ದದ್ದು ಬಸ್ ಡಿಪೋದಲ್ಲಿ. ನಿವೃತ್ತಿಯಾಗುವವರೆಗೆ ಮೂವತ್ತೊಂದು ವರ್ಷ ಅವರು ಮಾಡಿದ ಕೆಲಸ ಒಂದೇ. ಬೆಳಗಿನ ಬಸ್ಸುಗಳು ಹೊರಡುವ ಮುಂಚೆ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ನಡೆದು ಬ್ರೇಕು ನೋಡುವುದು. ಕೈಯಲ್ಲಿ ಚಿಕ್ಕ ಸುತ್ತಿಗೆ, ಕಿವಿಯ ಸಂದಿಯಲ್ಲಿ ಸೀಮೆಸುಣ್ಣದ ತುಂಡು. ಡ್ರೈವರನಿಗೆ ಪೆಡಲು ತುಳಿಯಲು ಸನ್ನೆ ಮಾಡಿ, ತಾವು ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ಕಿವಿ ಕೊಡುತ್ತಿದ್ದರು. ಸರಿ ಇದ್ದರೆ ಎದ್ದು ಮುಂದಿನ ಬಸ್ಸಿಗೆ. ಇಲ್ಲದಿದ್ದರೆ ಮುಂಗಾಜಿನ ಮೇಲೆ, ಡ್ರೈವರನ ಕಣ್ಣಿಗೆ ನೇರವಾಗಿ, ಅಂಗೈ ಅಗಲದ ಒಂದು ಇಂಟು ಗುರುತು. ಡ್ರೈವರ್ ತುಟಿ ಪಿಟಕ್ಕೆನ್ನದೆ ಇಳಿದು ಚಹಾ ಕುಡಿಯಲು ಹೋಗುತ್ತಿದ್ದ. ಗುರುತು ಹಾಕಿದವರೇ ಅದನ್ನು ಅಳಿಸಬೇಕು, ಬೇರೆ ಯಾರೂ ಮುಟ್ಟಕೂಡದು ಎಂಬುದು ಡಿಪೋದ ಕಟ್ಟಳೆ. ಒಮ್ಮೆ ದೊಡ್ಡ ಅಧಿಕಾರಿಯೇ ಹೋಗಬೇಕಿದ್ದ ಬಸ್ಸಿಗೆ ಇಂಟು ಬಿತ್ತು. ಆತ ಕೋಟು ಹಾಕಿಕೊಂಡು ಅರ್ಧ ಗಂಟೆ ಗೇಟಿನಲ್ಲಿ ನಿಂತು ಗೊಣಗಿದ, ಕೈಗಡಿಯಾರ ನೋಡಿಕೊಂಡ. ಒರೆಸು ಎನ್ನುವ ಧೈರ್ಯ ಮಾತ್ರ ಅವನಿಗೂ ಬರಲಿಲ್ಲ.

ಇಂಥ ಕೆಲಸದಲ್ಲಿ ಮನುಷ್ಯ ಮಾತು ಕಲಿಯುವುದಾದರೂ ಯಾವಾಗ? ಮನೆಯಲ್ಲೂ ಮೇಸ್ತ್ರಿಯದು ಹೂಂ, ಉಹೂಂ ಎರಡೇ. ಇವರ ಹತ್ತಿರ ಜಗಳ ಆಡಬೇಕೆಂದರೆ ಎದುರು ಪಕ್ಷಕ್ಕೆ ಇನ್ನೊಬ್ಬರನ್ನು ಬಾಡಿಗೆಗೆ ತರಬೇಕು ಎಂದು ಅವರ ಹೆಂಡತಿ ಬಂದವರೆದುರೆಲ್ಲ ಹೇಳಿ ನಗುತ್ತಿದ್ದರು. ಆಕೆ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ಮೇಸ್ತ್ರಿ ಮತ್ತು ಮಗಳು. ಮಗಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿದು ಬಂದ ಅಂಗಿಗಳನ್ನು ಪರೀಕ್ಷೆ ಮಾಡುವವಳು. ಅವಳ ಬಾಯಿ ತಾಯಿಯದು, ಕಣ್ಣು ತಂದೆಯದು.

ಎದುರು ಮನೆ ಕನ್ನಡಕದಂಗಡಿಯವರದು. ಗಂಡ ಹೆಂಡತಿ ಇಬ್ಬರೇ. ಊರಿಗೆಲ್ಲ ಕಣ್ಣು ಪರೀಕ್ಷೆ ಮಾಡುವ ಆ ಮಹಾಶಯರಿಗೆ ತಮ್ಮ ಕಾರು ಮಾತ್ರ ಮದುವಣಗಿತ್ತಿಯಂತೆ ಕಾಣುತ್ತಿತ್ತು. ಇಪ್ಪತ್ತೇಳು ವರ್ಷದ ಕಾರು. ಹಿಂದಿನ ಬಾಗಿಲಿಗೆ ಹಗ್ಗ, ಕಾಲಿಡುವ ಜಾಗದಲ್ಲಿ ತುಕ್ಕು ತಿಂದ ತೂತಿನ ಮೇಲೆ ಒಂದು ಹಲಗೆ. ಬೀದಿಯವರೆಲ್ಲ ಅದನ್ನು ನೋಡಿ ನಗುತ್ತಿದ್ದರು, ಮೇಸ್ತ್ರಿ ಒಬ್ಬರನ್ನು ಬಿಟ್ಟು. ಮೇಸ್ತ್ರಿಯ ಹೆಂಡತಿ ಎದೆ ಹಿಡಿದುಕೊಂಡು ಅಡುಗೆಮನೆಯಲ್ಲಿ ಕುಸಿದ ದಿನ, ಊಟ ಬಿಟ್ಟು ಎಂಜಲುಗೈಯಲ್ಲೇ ಓಡಿ ಬಂದು ಆಕೆಯನ್ನು ಅದೇ ಕಾರಿನಲ್ಲಿ ಮಲಗಿಸಿ, ದಾರಿಯುದ್ದಕ್ಕೂ ಹಾರ್ನ್ ಒತ್ತಿಕೊಂಡು ಆಸ್ಪತ್ರೆ ಮುಟ್ಟಿಸಿದವರು ಆ ಕನ್ನಡಕದವರು. ಆಕೆ ಆಮೇಲೆ ನಾಲ್ಕು ವರ್ಷ ಬದುಕಿದರು. ಆ ನಾಲ್ಕು ವರ್ಷ ಆ ಕಾರು ಕೊಟ್ಟದ್ದು ಎಂದು ಮೇಸ್ತ್ರಿ ಮನಸಾರೆ ನಂಬಿದ್ದರು.

ಈಗ ಅದೇ ಕಾರಿನಲ್ಲಿ ಕನ್ನಡಕದವರ ಹೆಂಡತಿ ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗುತ್ತಿದ್ದರು. ಬೀದಿಯಲ್ಲಿ ಆಕೆಯನ್ನು ಎಲ್ಲರೂ ತಂಗ್ಯಮ್ಮ ಎನ್ನುತ್ತಿದ್ದರು. ಮೂತ್ರಪಿಂಡ ಎರಡೂ ಕೈಕೊಟ್ಟಿದ್ದವು. ಯಂತ್ರಕ್ಕೆ ಮೈಯೊಡ್ಡಿ ರಕ್ತ ಶುದ್ಧಿ ಮಾಡಿಸಿಕೊಂಡರೆ ಎರಡು ದಿನದ ಜೀವ, ತಪ್ಪಿಸಿದರೆ ಇಲ್ಲ. ಅಷ್ಟು ಸರಳ ಲೆಕ್ಕ.

ಒಂದು ಬೆಳಿಗ್ಗೆ ಮೇಸ್ತ್ರಿ ಅಂಗಳಕ್ಕೆ ನೀರು ಹಾಕುವಾಗ, ಆ ಕಾರಿನ ಹಿಂದಿನ ಚಕ್ರದ ಒಳಬದಿಯಲ್ಲಿ ನೆಲ ಒದ್ದೆಯಾಗಿದ್ದುದು ಕಣ್ಣಿಗೆ ಬಿತ್ತು. ಕಾಲು ತಾನಾಗಿ ಅತ್ತ ಹೋಯಿತು. ಕೂತು, ಬೆರಳಿಗೆ ಹಚ್ಚಿ ಉಜ್ಜಿದರು, ಮೂಸಿದರು. ಬ್ರೇಕಿನ ಎಣ್ಣೆ. ಬಗ್ಗಿ ನೋಡಿದರೆ ಎಣ್ಣೆ ಹರಿಯುವ ಕೊಳವೆ ಉದ್ದಕ್ಕೂ ತುಕ್ಕು ಹಿಡಿದು ಹೊಪ್ಪಳೆ ಎದ್ದಿತ್ತು.

ಅವತ್ತು ಸಂಜೆಯೇ ಮೇಸ್ತ್ರಿ ಕನ್ನಡಕದಂಗಡಿಗೆ ಹೋಗಿ, ಎಂದೂ ಆಡದಷ್ಟು ಮಾತು ಒಟ್ಟಿಗೆ ಆಡಿದರು. ಕನ್ನಡಕದವರು ಮೊದಲು ತಮಾಷೆ ಮಾಡಿದರು. ಎರಡು ಸಲ ತುಳಿದರೆ ಹಿಡಿಯುತ್ತದೆ, ತಮ್ಮ ಹೆಂಡತಿಯೂ ಎರಡು ಸಲ ಕೂಗಿದ ಮೇಲೇ ಓಗೊಡುವುದು ಎಂದರು. ಮೇಸ್ತ್ರಿ ನಗಲಿಲ್ಲ. ಆಗ ಅವರು ಅಂಗಡಿಯ ಬಾಗಿಲು ಓರೆ ಮಾಡಿ ನಿಜ ಹೇಳಿದರು. ಮೂರು ಗ್ಯಾರೇಜು ತಿರುಗಿದ್ದಾಯಿತು, ಈ ಮಾದರಿಯ ಬಿಡಿಭಾಗ ಬರುವುದೇ ನಿಂತಿದೆ, ಗುಜರಿಗೆ ಹಾಕಿ ಎನ್ನುತ್ತಾರೆ. ಬಾಡಿಗೆ ಕಾರಿಗೂ ಪ್ರಯತ್ನಿಸಿದ್ದರು. ವಾಪಸು ಬರುವಾಗ ಆಕೆಗೆ ವಾಂತಿಯಾಗುತ್ತದೆ. ಒಮ್ಮೆ ಸೀಟು ಹೊಲಸಾಯಿತೆಂದು ಡ್ರೈವರ್ ಇಬ್ಬರನ್ನೂ ನಡುರಸ್ತೆಯಲ್ಲಿ ಇಳಿಸಿ ಹೋದ. ಇನ್ನು ಸತ್ತರೂ ಪರರ ಗಾಡಿ ಹತ್ತುವುದಿಲ್ಲ ಎಂದು ಅವತ್ತೇ ಆಕೆ ಹಟ ಹಿಡಿದರು.

"ಅವಳ ಕಿವಿಗೆ ಮಾತ್ರ ಹಾಕಬೇಡಿ ಮೇಸ್ತ್ರಿ," ಎಂದು ಕನ್ನಡಕದವರು ಅವರ ಕೈ ಹಿಡಿದುಕೊಂಡರು. "ಬ್ರೇಕು ಹೀಗಿದೆ ಅಂತ ಗೊತ್ತಾದ್ರೆ ಆಸ್ಪತ್ರೆಗೆ ಬರೋದೇ ನಿಲ್ಲಿಸ್ತಾಳೆ. ನನ್ನ ಜೀವಕ್ಕೆ ಅಪಾಯ ಅಂತ ತಾನು ಸಾಯೋಕೆ ರೆಡಿ ಆಗ್ತಾಳೆ. ಅವಳು ಅಂಥೋಳು."

ಮೇಸ್ತ್ರಿ ಹೂಂ ಎಂದರು. ಹಾಳಾದ ಆ ಹೂಂ!

ಮಗಳ ಮುಂದೆ ಬಾಯಿಬಿಟ್ಟಾಗ ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಗುಂಡಿ ಸಡಿಲವಿದ್ದರೆ ನಾನು ಇಡೀ ಅಂಗಿಯನ್ನೇ ವಾಪಸು ಕಳಿಸುತ್ತೇನೆ, ನೀನು ಬ್ರೇಕಿಲ್ಲದ ಕಾರನ್ನು ಕಿಟಕಿಯಿಂದ ನೋಡುತ್ತ ಕೂತಿದ್ದೀಯಲ್ಲ ಎಂದು ತರಾಟೆಗೆ ತೆಗೆದುಕೊಂಡಳು. ಸಾರಿಗೆ ಕಚೇರಿಗೆ ಒಂದು ದೂರು ಕೊಟ್ಟರೆ ಅವರು ಬಂದು ಕಾರನ್ನು ನಿಲ್ಲಿಸುತ್ತಾರೆ, ಅಷ್ಟೇ ತಾನೇ. ಅಷ್ಟೇ ಅಲ್ಲ ಎಂದು ಮೇಸ್ತ್ರಿಗೆ ಗೊತ್ತಿತ್ತು. ಕಾರು ನಿಂತರೆ ತಂಗ್ಯಮ್ಮ ಎರಡು ಸರದಿ ತಪ್ಪಿಸುತ್ತಾರೆ, ಮೂರನೆಯದಕ್ಕೆ ಇರುವುದಿಲ್ಲ. ಕಾರು ಓಡಿದರೆ ಇವತ್ತಲ್ಲ ನಾಳೆ ಆಸ್ಪತ್ರೆಯ ಗೇಟಿನ ಮುಂದಿನ ಇಳಿಜಾರಿನಲ್ಲಿ ಕೊಳವೆ ಒಡೆಯುತ್ತದೆ. ಯಾವ ಕಡೆ ತಿರುಗಿದರೂ ತಮ್ಮ ಕೈಯಲ್ಲೇ ಒಂದು ಸಾವು ಇದ್ದಂತೆ ಅವರಿಗೆ ಕಾಣುತ್ತಿತ್ತು.

ಆ ವಾರವೇ ತಿರುವಿನಲ್ಲಿ ಇಸ್ತ್ರಿಯವಳು ತನ್ನ ತಳ್ಳುಗಾಡಿಯ ಹಿಂದೆ ಬಟ್ಟೆ ಮಡಚುತ್ತಿದ್ದಾಗ ಆ ಕಾರು ಗೇಣು ಅಂತರದಲ್ಲಿ ಹಾದುಹೋಯಿತು. ಅವಳು ಬೈದು ಸುಮ್ಮನಾದಳು. ನೋಡುತ್ತಿದ್ದ ಮೇಸ್ತ್ರಿ ಮಾತ್ರ ಮನೆಗೆ ಬರದೆ ನೆಟ್ಟಗೆ ಸಾರಿಗೆ ಕಚೇರಿಗೆ ನಡೆದರು.

ಅಲ್ಲಿನ ಗುಮಾಸ್ತೆ ಒಳ್ಳೆಯ ಹೆಣ್ಣುಮಗಳು. ಕುರ್ಚಿ ಕೊಟ್ಟಳು, ನಮೂನೆ ಕೊಟ್ಟಳು, ದೂರು ಕೊಟ್ಟವರ ಹೆಸರು ಗುಟ್ಟಾಗಿರುತ್ತದೆ ತಾತ ಎಂದು ಧೈರ್ಯವನ್ನೂ ಕೊಟ್ಟಳು. ಮೇಸ್ತ್ರಿ ಕಾರಿನ ನಂಬರು ಬರೆದರು. ಕೊಳವೆ, ಎಣ್ಣೆ, ತುಕ್ಕು, ಎಲ್ಲವನ್ನೂ ಡಿಪೋದ ಅಚ್ಚುಕಟ್ಟಿನಲ್ಲಿ ಬರೆದರು. ಕೊನೆಯ ಕಲಮಿಗೆ ಬಂದಾಗ ಕೈ ನಿಂತಿತು. ಈ ವಾಹನವನ್ನೇ ನಂಬಿಕೊಂಡ ಕಾಯಿಲೆಯವರು, ಅಂಗವಿಕಲರು ಇದ್ದರೆ ಅವರ ವಿವರ ಎಂದಿತ್ತು. ಇವರಿಗೆ ಅದೆಲ್ಲ ಯಾಕೆ, ನಾಳೆ ತಂಗ್ಯಮ್ಮನ ಬಾಗಿಲಿಗೇ ಹೋಗಿ ವಿಚಾರಣೆ ಮಾಡುವುದಕ್ಕೋ ಎಂದು ಮೇಸ್ತ್ರಿಗೆ ಸಿಟ್ಟೇ ಬಂತು. ಕೇಳಿದ್ದರೆ ಆ ಗುಮಾಸ್ತೆ ಹೇಳುತ್ತಿದ್ದಳು. ಕೇಳುವ ಜಾಯಮಾನ ಇವರದಲ್ಲವಲ್ಲ! ನಮೂನೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು ಎದ್ದು ಬಂದರು. ಹನ್ನೊಂದು ದಿನ ಅದು ಹೆಂಡತಿಯ ಕನ್ನಡಕದ ಡಬ್ಬಿಯ ಪಕ್ಕ, ಮೇಜಿನ ಡ್ರಾಯರಿನಲ್ಲಿ ಬಿದ್ದಿತ್ತು.

ಹನ್ನೆರಡನೆಯ ದಿನ ಆಸ್ಪತ್ರೆಯ ಸರದಿ. ಬೆಳಕು ಹರಿಯುವ ಹೊತ್ತಿಗೆ ಮೇಸ್ತ್ರಿ ಹೊರಗೆ ಬಂದರು. ಕಾರಿನ ಕೆಳಗಿನ ಕಲೆ ಊಟದ ತಟ್ಟೆಯಷ್ಟು ಅಗಲವಾಗಿತ್ತು. ಅವರು ಬೀದಿ ದಾಟಿ ಎದುರು ಮನೆಯ ಬಾಗಿಲ ಮುಂದೆ ನಿಂತರು. ಕೈ ಎತ್ತಿದರು. ಬಾಗಿಲು ತೆಗೆಯುವವರು ತಂಗ್ಯಮ್ಮನೇ ಆದರೆ? ಏನೆಂದು ಹೇಳುವುದು? ಮಾತು ಕೊಟ್ಟಾಗಿದೆ. ಎತ್ತಿದ ಕೈ ಕೆಳಗಿಳಿಯಿತು. ಮನೆಗೆ ಹಿಂತಿರುಗಿ, ಸುತ್ತಿಗೆಯ ಪೆಟ್ಟಿಗೆಯಲ್ಲಿ ತಡಕಾಡಿ, ಒಂದು ತುಂಡು ಸೀಮೆಸುಣ್ಣ ತಂದರು. ಮುಂಗಾಜಿನ ಮೇಲೆ, ಡ್ರೈವರನ ಕಣ್ಣಿಗೆ ನೇರವಾಗಿ, ಅಂಗೈ ಅಗಲದ ಇಂಟು ಹಾಕಿದರು.

ಹಾಕಿದ್ದೇ ತಡ, ಹೊತ್ತ ಮೂಟೆ ಇಳಿಸಿದಂತಾಯಿತು. ಮೂವತ್ತೊಂದು ವರ್ಷ ಆ ಗುರುತನ್ನು ಒಬ್ಬರೂ ಮೀರಿರಲಿಲ್ಲ. ಕನ್ನಡಕದವರು ನೋಡುತ್ತಾರೆ, ತಮ್ಮನ್ನು ಕರೆಯುತ್ತಾರೆ, ಇಬ್ಬರೂ ಕೂತು ಏನಾದರೂ ದಾರಿ ಹುಡುಕಿದರಾಯಿತು. ಇದು ಡಿಪೋ ಅಲ್ಲ, ಬೀದಿ ಎಂಬುದು ಆ ಮನುಷ್ಯನ ತಲೆಗೆ ಹೊಳೆಯಲೇ ಇಲ್ಲ. ಎಷ್ಟೋ ದಿನಗಳ ಮೇಲೆ ಮಂಚಕ್ಕೆ ಮೈ ಚಾಚಿದ್ದೇ ಕಣ್ಣು ಹತ್ತಿತು.

ಎಚ್ಚರವಾದಾಗ ಬಿಸಿಲು ಗೋಡೆಗೆ ಬಂದಿತ್ತು. ಮಗಳು ಕೆಲಸಕ್ಕೆ ಹೋಗಿದ್ದಳು. ಮೇಸ್ತ್ರಿ ಕಿಟಕಿಯಿಂದ ನೋಡಿದರು. ಎದುರು ಕಾರಿರಲಿಲ್ಲ, ಕಲೆ ಇತ್ತು. ಚಪ್ಪಲಿ ಮೆಟ್ಟದೆ ಬೀದಿಗೆ ಓಡಿದರು. ತಿರುವಿನಲ್ಲಿ ಇಸ್ತ್ರಿಯವಳು ಇವರನ್ನು ಕಂಡದ್ದೇ ತಲೆಯ ಮೇಲೆ ಕೈ ಹೊತ್ತುಕೊಂಡಳು. ಆಸ್ಪತ್ರೆಯ ಇಳಿಜಾರಿನಲ್ಲಿ ಕಾರು ನಿಲ್ಲದೆ ಗೇಟಿನ ಕಂಬಕ್ಕೆ ಹೊಡೆದಿತ್ತಂತೆ. ಹೆಂಡತಿಗೆ ಪೆಟ್ಟಾಗದಿರಲೆಂದು ಕನ್ನಡಕದವರು ಕಾರಿನ ತಮ್ಮ ಬದಿಯನ್ನೇ ಕಂಬದ ಕಡೆಗೆ ತಿರುಗಿಸಿದ್ದರಂತೆ. ಅವರ ಜೀವ ಅಲ್ಲೇ ಹೋಯಿತು. ತಂಗ್ಯಮ್ಮನಿಗೆ ತೋಳು ಮುರಿದಿತ್ತು.

ಐದು ವಾರವಾದ ಮೇಲೆ ಒಂದು ಬೆಳಿಗ್ಗೆ ತಂಗ್ಯಮ್ಮ ತಮ್ಮ ಮನೆಯ ಮೆಟ್ಟಿಲ ಮೇಲೆ ಕೂತಿದ್ದರು. ಈಗ ವಾರಕ್ಕೆ ಮೂರು ಸಲ ಆಸ್ಪತ್ರೆಯ ವ್ಯಾನು ಮನೆ ಬಾಗಿಲಿಗೇ ಬರುತ್ತಿತ್ತು. ಮಲಗುವಷ್ಟು ಉದ್ದದ ಸೀಟು, ವಾಂತಿಗೆ ಚೀಲ, ಕೈಹಿಡಿದು ಹತ್ತಿಸಲು ಒಬ್ಬಳು ದಾದಿ. ಇದು ಮೊದಲಿನಿಂದಲೂ ಇತ್ತಂತೆ, ಸ್ವಂತ ಕಾರಿನಲ್ಲಿ ಬರುವವರಿಗೆ ಯಾರೂ ಹೇಳುತ್ತಿರಲಿಲ್ಲವಂತೆ. ಓಡಾಟಕ್ಕೆ ಗತಿಯಿಲ್ಲದ ಕಾಯಿಲೆಯವರ ಹೆಸರು ಯಾವ ಕಚೇರಿಯಿಂದ ಬಂದರೂ ಸಾಕಂತೆ. ಸಾರಿಗೆ ಕಚೇರಿಯ ನಮೂನೆಯಲ್ಲಿ ಅದಕ್ಕೆಂದೇ ಒಂದು ಕಲಮಿದೆಯಂತೆ. ಮಗಳು ವಿಚಾರಿಸಿಕೊಂಡು ಬಂದು ಇದನ್ನು ಹೇಳಿದ ದಿನ ಮೇಸ್ತ್ರಿ ಮೇಜಿನ ಮುಂದೆ ಕೂತವರು ಊಟಕ್ಕೆ ಏಳಲಿಲ್ಲ. ಅವಳೂ ಕರೆಯಲಿಲ್ಲ.

ಅವತ್ತಿನಿಂದ ತಂಗ್ಯಮ್ಮನ ಕೈಚೀಲ ಹಿಡಿದು ವ್ಯಾನಿನವರೆಗೆ ಬಿಡುವುದು ಮೇಸ್ತ್ರಿಯ ಕೆಲಸವಾಗಿತ್ತು. ಈ ಬೆಳಿಗ್ಗೆಯೂ ಅವರು ಆಕೆಯ ಪಕ್ಕಕ್ಕೆ ಬಂದು ನಿಂತರು.

"ಅಣ್ಣ, ಒಂದು ಕೇಳ್ಬೇಕಿತ್ತು," ಎಂದರು ತಂಗ್ಯಮ್ಮ. "ಅವತ್ತು ಬೆಳಿಗ್ಗೆ ಕಾರಿನ ಗಾಜಿನ ಮೇಲೆ ಯಾರೋ ಸೀಮೆಸುಣ್ಣದಲ್ಲಿ ಗೀಚಿದ್ರು. ಯಾವುದೋ ಮಕ್ಕಳಾಟ ಅಂದ್ಕೊಂಡು ನಾನೇ ಒದ್ದೆ ಬಟ್ಟೆ ತಗೊಂಡು ಒರೆಸಿದೆ. ಇವರಿಗೆ ದಾರಿ ಸರಿಯಾಗಿ ಕಾಣ್ಲಿ ಅಂತ. ನಿಮಗೇನಾದ್ರೂ ಗೊತ್ತಾ, ಯಾರು ಅಂತ?"

ಇಲ್ಲ ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಹಾಕಿದವರೇ ಅಳಿಸಬೇಕಲ್ಲ.

"ನಾನು ಹಾಕಿದ್ದು."

"ಏನು ಹಾಗಂದ್ರೆ?"

"ಗಾಡಿ ಹೊರಡಬಾರದು ಅಂತ."

ತಂಗ್ಯಮ್ಮ ತಮ್ಮ ಬಲಗೈಯನ್ನು ಮಡಿಲಲ್ಲಿ ಮಗುಚಿ ಅಂಗೈ ನೋಡಿಕೊಂಡರು. ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಮೇಸ್ತ್ರಿ ಆ ಬೈಗುಳವನ್ನೇ ಹಿಡಿದುಕೊಂಡು ಬದುಕುತ್ತಿದ್ದರೋ ಏನೋ.

"ಎದುರು ಮನೇಲೇ ಇದ್ನಲ್ಲ ಅಣ್ಣ," ಎಂದರು. "ಬಾಗಿಲು ತಟ್ಟಬಾರದಿತ್ತಾ?"

ವ್ಯಾನು ಬಂದು ನಿಂತಿತು. ದಾದಿ ಯಾರೊಂದಿಗೋ ಫೋನಿನಲ್ಲಿದ್ದಳು. ಮೇಸ್ತ್ರಿ ಚೀಲವನ್ನು ಒಳಗಿಟ್ಟು, ಎಂದಿನಂತೆ ಹತ್ತಿಸಲು ಕೈ ಚಾಚಿದರು. ತಂಗ್ಯಮ್ಮ ಆ ಕೈಯನ್ನು ನೋಡಿದರು. ಆಮೇಲೆ, ಹೆಸರೂ ಗೊತ್ತಿರದ ಡ್ರೈವರನನ್ನು ಕರೆದು, ಅವನ ಕೈ ಹಿಡಿದು ಹತ್ತಿ ಕೂತರು.