ಅರ್ಧ ಸುತ್ತು ಸಡಿಲ

ಸಡಿಲವಾದದ್ದನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಯಾರ ಮನೆಗೆ ಹೋದರೂ ಮೊದಲು ಕಣ್ಣು ಹೋಗುವುದು ಬಾಗಿಲ ಚಿಲಕದ ಮೇಲೆ. ಕಾಫಿ ಬರುವಷ್ಟರಲ್ಲಿ ಅದರ ಸ್ಕ್ರೂಗಳನ್ನು ಬಿಗಿದು ಕೂತಿರುತ್ತೇನೆ. ನಾಲ್ಕನೆಯ ಕ್ಲಾಸಿನಲ್ಲೇ ಶಾಲೆಗೆ ನಮಸ್ಕಾರ ಹಾಕಿ ಕುಲುಮೆ ಸೇರಿದವನು ನಾನು. ಅಲ್ಲಿಂದೀಚೆಗೆ ಊರಿನ ಕಿಟಕಿಗಳಿಗೆ ಕಬ್ಬಿಣದ ಸರಳು ಹಾಕಿಯೇ ಬದುಕಿದೆ. ವಿದ್ಯಾರಣ್ಯಪುರದ ಈ ಮನೆಯ ಇಟ್ಟಿಗೆ ಇಟ್ಟಿಗೆಯೂ ಆ ಸರಳುಗಳ ಸಂಪಾದನೆಯೇ. ನಾನು ಹಾಕಿದ ಸರಳು ಅಲ್ಲಾಡಿತು ಎಂದು ಇಡೀ ಮೈಸೂರಿನಲ್ಲಿ ಒಬ್ಬ ಕಳ್ಳನೂ ಹೇಳಿಲ್ಲ. ಓದಿದವರಿಗೆ ಸರ್ಟಿಫಿಕೇಟನ್ನು ಸರ್ಕಾರ ಕೊಡುತ್ತದೆ. ನಮ್ಮಂಥವರಿಗೆ ಕಳ್ಳರೇ ಕೊಡಬೇಕು.

ಇಂಥ ನನ್ನ ಕೈಗೆ ಒಂದು ಹಳೆಯ ಸ್ಪ್ರಿಂಕ್ಲರ್ ಬಂದು ಬಿತ್ತು. ಪಕ್ಕದ ಮನೆಯ ಅಂತೋಣಪ್ಪನವರು ಒಂದು ಬಂಗಲೆಯ ತೋಟದ ಮಾಲಿ. ಅಲ್ಲಿ ಬಿಸಾಡಿದ್ದನ್ನು ತಂದುಕೊಟ್ಟರು. ನೆಟ್ಟಗೆ ನಿಂತ ಪೈಪು, ಅದರ ನೆತ್ತಿಯ ಮೇಲೆ ಎರಡು ತೋಳಿನ ಹಿತ್ತಾಳೆಯ ತಲೆ, ತಲೆ ಹಾರಿಹೋಗದಂತೆ ಮೇಲೊಂದು ನಟ್ಟು. ನೀರು ಬಿಟ್ಟರೆ ತಲೆ ಗಿರ್ರನೆ ಸುತ್ತಿ ನಾಲ್ಕು ಕಡೆಗೂ ಹನಿ ಚೆಲ್ಲಬೇಕು. ಆಗ ನನ್ನ ಹೆಂಡತಿ ಪುಟ್ಟತಾಯಿ ಸೊಂಟ ಹಿಡಿದುಕೊಂಡು, ಬಕೆಟ್ಟಿನಲ್ಲಿ ಸೇವಂತಿಗೆ ಪಾತಿಗೆ ನೀರು ಹೊರುತ್ತಿದ್ದಳು. ಆಯುಧಪೂಜೆಯ ದಿನ ನನ್ನ ಸುತ್ತಿಗೆ, ಸ್ಪ್ಯಾನರುಗಳ ಮೇಲೆ ಕೂರುವ ಹೂವು ಆ ಪಾತಿಯದೇ. "ಇನ್ನು ನೀನು ಬಕೆಟ್ ಮುಟ್ಟಕೂಡದು" ಎಂದು ಘೋಷಿಸಿಬಿಟ್ಟೆ.

ಮುರಿದ ತೋಳಿಗೆ ಬದಲು ಹೊಸ ತೋಳು ಮಾಡಿದೆ. ಕೊಳೆತ ವಾಷರನ್ನು ಕಿತ್ತು, ಹಳೆಯ ಮೆಟ್ಟಿನ ಚರ್ಮದಲ್ಲಿ ಹೊಸದನ್ನು ಕತ್ತರಿಸಿದೆ. ಥ್ರೆಡ್ಡಿಗೆ ಸೆಣಬಿನ ನಾರು ಸುತ್ತಿ, ಬಣ್ಣ ಬಳಿದು, ನಲ್ಲಿಯ ರಬ್ಬರ್ ಪೈಪಿಗೆ ಜೋಡಿಸಿದೆ. ಒಂದು ತೊಟ್ಟು ಸೋರಲಿಲ್ಲ. ಆದರೆ ತಲೆಯೂ ಸುತ್ತಲಿಲ್ಲ! ನೀರು ಎರಡು ಗೆರೆಯಾಗಿ ಹಾರಿ, ಒಂದು ನಮ್ಮ ಒಣಗಿದ ಬಟ್ಟೆಗೂ ಇನ್ನೊಂದು ಅಂತೋಣಪ್ಪನವರ ಗೋಡೆಗೂ ಬಡಿಯಿತು. ಸೇವಂತಿಗೆ ಮಾತ್ರ ನಡುವೆ ಒಣಗಿಕೊಂಡೇ ನಿಂತಿತ್ತು. ಕೆಲಸ ಕೆಟ್ಟಿದೆ ಎಂದರೆ ಎಲ್ಲೋ ಏನೋ ಸಡಿಲವಾಗಿದೆ ಎಂದೇ ನನ್ನ ಶಾಸ್ತ್ರ. ಮೇಲಿನ ನಟ್ಟನ್ನು ಇನ್ನೊಂದು ಸುತ್ತು ಬಿಗಿದೆ. ಆಗಲೂ ಅದೇ ಕಥೆ. ಇನ್ನಷ್ಟು ಬಿಗಿದೆ.

"ಏನ್ ಮೇಸ್ತ್ರಿಗಳೇ, ನಮ್ ಗೋಡೆ ಚಿಗುರ್ತದಾ ಅಂತ ನೋಡ್ತಿದೀರಾ?" ಎಂದರು ಅಂತೋಣಪ್ಪನವರು.

ಅವರನ್ನೇ ಒಂದು ಮಾತು ಕೇಳಬಹುದಿತ್ತು. ಆದರೆ ಮಾಲಿಗೆ ಗಿಡ ಗೊತ್ತಿರುತ್ತದೆ, ಕಬ್ಬಿಣದ ವಿಷಯದಲ್ಲಿ ನನಗೆ ಯಾರು ಹೇಳಬೇಕು, ಹೇಳಿ?

ಪುಟ್ಟತಾಯಿ ಮತ್ತೆ ಬಕೆಟ್ ಎತ್ತಿಕೊಂಡಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೊನೆಗೊಂದು ದಿನ ತೀರ್ಪು ಕೊಟ್ಟಳು: "ಆಯುಧಪೂಜೆ ದಿನ ಅದು ತಿರುಗ್ಬೇಕು. ಇಲ್ದಿದ್ರೆ ಅದಕ್ಕೆ ನಾನು ಕುಂಕುಮ ಇಡಾಕಿಲ್ಲ ಕಣ್ರೀ. ಕೆಲ್ಸ ಮಾಡೋದಕ್ಕೆ ಪೂಜೆ, ಮಿಕ್ಕಿದ್ದು ಗುಜರಿಗೆ."

ನಮ್ಮ ಮನೆಯಲ್ಲಿ ಈಳಿಗೆಮಣೆಗೂ ಕುಂಕುಮ ಉಂಟು, ಒನಕೆಗೂ ಉಂಟು. ನಾನು ಕೈಯಾರೆ ರಿಪೇರಿ ಮಾಡಿದ್ದೊಂದಕ್ಕೆ ಇಲ್ಲ ಎಂದರೆ ಒನಕೆಯ ಮುಂದೆ ನನ್ನ ಮರ್ಯಾದೆ ಏನಾಗಬೇಕು?

ಪೂಜೆಯ ಹಿಂದಿನ ದಿನ, ಥಳಥಳ ಹೊಳೆಯಲಿ ಎಂದು ಎಲ್ಲ ಭಾಗಗಳನ್ನೂ ಬಿಚ್ಚಿ ಹುಣಸೆಹಣ್ಣಿನ ನೀರಿನಲ್ಲಿ ನೆನೆಹಾಕಿದೆ. ಬೆಳಗಾಗೆದ್ದು ಸ್ನಾನ ಮಾಡಿ, ಆಯುಧಗಳನ್ನೆಲ್ಲ ಸಾಲಾಗಿ ಜೋಡಿಸಿ, ಹೂವಿಟ್ಟು, ಮಂಗಳಾರತಿ ಎತ್ತಿ ಕಣ್ಣಿಗೊತ್ತಿಕೊಂಡಾಗ ಹುಣಸೆ ನೀರಿನ ಪಾತ್ರೆ ಕಣ್ಣಿಗೆ ಬಿತ್ತು. ಸ್ಪ್ರಿಂಕ್ಲರ್ ತುಂಡುತುಂಡಾಗಿ ಅದರಲ್ಲೇ ಮುಳುಗಿತ್ತು. ಅದನ್ನು ಕೂಡಿಸಬೇಕಾದ ಸ್ಪ್ಯಾನರು ಮೈತುಂಬ ಸೇವಂತಿಗೆ ಹೊದ್ದು ದೇವರಾಗಿ ಕೂತಿತ್ತು. ಪೂಜೆಗಿಟ್ಟ ಆಯುಧವನ್ನು ಮರುದಿನದವರೆಗೆ ಮುಟ್ಟುವ ಹಾಗಿಲ್ಲವಲ್ಲ!

ಅಂತೋಣಪ್ಪನವರು ಗೋಡೆಯ ಮೇಲಿಂದ ತಮ್ಮ ಸ್ಪ್ಯಾನರನ್ನು ಚಾಚಿದರು. "ತಗೊಳ್ಳಿ ಮೇಸ್ತ್ರಿಗಳೇ, ನಮ್ದಕ್ಕೆ ಪೂಜೆ ಆಗಿಲ್ಲ."

"ಬ್ಯಾಡಿ ಅಣ್ಣ," ಎಂದಳು ಪುಟ್ಟತಾಯಿ. "ಇವತ್ತು ಯಾರ ಮನೇದಾದ್ರೂ ಸ್ಪ್ಯಾನರ್ ಸ್ಪ್ಯಾನರೇ."

ನಲ್ಲಿಯಲ್ಲಿ ನೀರು ನಿಲ್ಲುವ ಹೊತ್ತಾಗಿತ್ತು. ಬರಿಗೈಯಲ್ಲೇ ಜೋಡಿಸಿದೆ. ಬೆರಳು ಎಷ್ಟೆಂದು ಬಿಗಿದೀತು? ಮೇಲಿನ ನಟ್ಟು ಅರ್ಧ ಸುತ್ತು ಸಡಿಲವಾಗಿಯೇ ಉಳಿಯಿತು. ಅಂಥ ನಾಚಿಕೆಗೇಡಿನ ಕೆಲಸವನ್ನು ನನ್ನ ಜನ್ಮದಲ್ಲಿ ಮಾಡಿರಲಿಲ್ಲ. ಕಣ್ಣು ಮುಚ್ಚಿಕೊಂಡೇ ನಲ್ಲಿ ಬಿಟ್ಟೆ. ಸ್ಪ್ರಿಂಕ್ಲರಿನ ಕುತ್ತಿಗೆಯಲ್ಲಿ ತುಸು ನೀರು ಸೋರಿತು. ತಲೆ ಒಮ್ಮೆ ಕೆಮ್ಮಿ, ಅನುಮಾನಿಸಿ, ಆಮೇಲೆ ಗಿರ್ರನೆ ಸುತ್ತತೊಡಗಿತು. ಸೇವಂತಿಗೆ ಪಾತಿ ಪೂರ್ತಿ ನೆನೆಯಿತು.

"ಅಂತೂ ನಮ್ ಗೋಡೆಗೆ ಬಿಡುಗಡೆ ಆಯ್ತು ಬುಡಿ," ಎಂದು ಅಂತೋಣಪ್ಪನವರು ಸ್ಪ್ಯಾನರ್ ಹಿಂದಕ್ಕೆ ತೆಗೆದುಕೊಂಡರು.

ಕಳ್ಳರನ್ನು ತಡೆಯಲು ಹುಟ್ಟಿದ ವಸ್ತುಗಳೇ ಬೇರೆ, ಸುತ್ತಲು ಹುಟ್ಟಿದವೇ ಬೇರೆ. ಇಷ್ಟು ತಿಳಿಯಲು ನನ್ನ ಸ್ಪ್ಯಾನರು ದೇವರಾಗಬೇಕಾಯಿತು.

ಪುಟ್ಟತಾಯಿ ಕುಂಕುಮದ ಬಟ್ಟಲು ತಂದಳು. ಸ್ಪ್ರಿಂಕ್ಲರಿಗೆ ಇಟ್ಟಳು, ನೀರು ತೊಳೆದುಕೊಂಡು ಹೋಯಿತು. ಮತ್ತೆ ಇಟ್ಟಳು, ಮತ್ತೆ ಹೋಯಿತು. ಆಗ ನನ್ನ ಬಲಗೈ ಹಿಡಿದೆಳೆದು ಅದರ ಮೇಲೆ ದೊಡ್ಡ ಬೊಟ್ಟು ಇಟ್ಟಳು. "ಇವತ್ತು ಕೆಲ್ಸ ಮಾಡಿದ ಆಯುಧ ಇದೇ ಅಲ್ವಾ?" ಎಂದಳು. ಸೆರಗಿನ ಮರೆಯಲ್ಲಿ ನಗುತ್ತ, "ನಾಳೆವರ್ಗೂ ಇದನ್ನೂ ಉಪಯೋಗಿಸೋ ಹಂಗಿಲ್ಲ," ಎಂದೂ ಸೇರಿಸಿದಳು.

ನಿಯಮ ಎಂದರೆ ನಿಯಮ. ಮಧ್ಯಾಹ್ನದವರೆಗೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಗಂಭೀರವಾಗಿ ಕೂತಿದ್ದೆ. ಆಮೇಲೆ ಎಲೆಯ ಮೇಲೆ ಬಿಸಿ ಒಬ್ಬಟ್ಟು ಬಂದು ಬಿತ್ತು. ನಾನು ಆ ನಿಯಮವನ್ನೂ ಅರ್ಧ ಸುತ್ತು ಸಡಿಲಿಸಿದೆ.