ಸ್ಟೆಲ್ಲಾ ಬಾಯಿಯ ರಿಚ್ಮಂಡ್

ದೋಹಾದ ಕೊಂಕಣಿ ಕ್ರೈಸ್ತರ ಪೈಕಿ ಸ್ಟೆಲ್ಲಾ ಡಿಸೋಜ ಎಂಬ ಹೆಸರಿನವರು ಐದು ಮಂದಿ. ಚರ್ಚಿನಲ್ಲಿ ಶುಕ್ರವಾರದ ಪೂಜೆ ಮುಗಿದು ಜನ ಅಂಗಳಕ್ಕೆ ಬಂದಾಗ ಯಾರಾದರೂ "ಸ್ಟೆಲ್ಲಾ!" ಎಂದು ಕೂಗಿದರೆ ಐದೂ ತಲೆ ಒಟ್ಟಿಗೆ ತಿರುಗುತ್ತವೆ. ಹಾಗಾಗಿ ಜನ ಒಬ್ಬೊಬ್ಬರಿಗೆ ಒಂದೊಂದು ಗುರುತು ಅಂಟಿಸಿದ್ದಾರೆ. ಆಸ್ಪತ್ರೆಯಲ್ಲಿ ಇರುವವರು ನರ್ಸ್ ಸ್ಟೆಲ್ಲಾ. ಟೊಯೋಟಾ ಸಿಗ್ನಲ್ ಹತ್ತಿರ ಮನೆ ಮಾಡಿದವರು ಟೊಯೋಟಾ ಸ್ಟೆಲ್ಲಾ, ಅವರ ಮನೆಯಲ್ಲಿ ಇರುವುದು ನಿಸ್ಸಾನ್ ಕಾರು, ಆ ಮಾತು ಬೇರೆ. ನಮ್ಮ ಕಥೆಯ ಸ್ಟೆಲ್ಲಾ ಬಾಯಿ ಮದೀನತ್ ಖಲೀಫಾ ಸ್ಟೆಲ್ಲಾ. ಅವರು ಮದೀನತ್ ಖಲೀಫಾ ಬಡಾವಣೆ ಬಿಟ್ಟು ಅಲ್ ಮುಂತಜಾದ ಹಳೇ ಕಟ್ಟಡದ ಮೂರನೇ ಮಾಳಿಗೆಗೆ ಬಂದು ಹದಿನಾಲ್ಕು ವರ್ಷ ಆಯಿತು. ಆದರೆ ಜನ ಒಮ್ಮೆ ಅಂಟಿಸಿದ್ದನ್ನು ಕಿತ್ತು ತೆಗೆಯುವ ಗೋಜಿಗೆ ಹೋಗುವುದಿಲ್ಲ.

ಒಂದೇ ಹೆಸರಿನ ಕಷ್ಟ ಏನೆಂದು ಸ್ಟೆಲ್ಲಾ ಬಾಯಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೊದಲ ಸಲ ರಜೆಗೆ ಊರಿಗೆ ಹೋದಾಗ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇನ್ನೊಬ್ಬ ಸ್ಟೆಲ್ಲಾ ಡಿಸೋಜ ಇವರ ಪೆಟ್ಟಿಗೆ ಹೊತ್ತುಕೊಂಡು ಹೋಗಿದ್ದರು. ಟ್ಯಾಂಗ್ ಡಬ್ಬಿ, ಟೈಗರ್ ಬಾಮ್, ತಂಗಿಯ ಮಕ್ಕಳ ಅಂಗಿ ಎಲ್ಲ ಮೂಡುಬಿದಿರೆಯ ಯಾವುದೋ ಮನೆಗೆ ತಲುಪಿ, ನಾಲ್ಕನೇ ದಿನ ವಾಪಸ್ ಬಂದವು, ಟ್ಯಾಂಗ್ ಮಾತ್ರ ಬರಲಿಲ್ಲ. ಅಂದಿನಿಂದ ಅವರು ತಮ್ಮ ಎಲ್ಲ ಪೆಟ್ಟಿಗೆಗಳ ಹಿಡಿಕೆಗೂ ಒಂದು ಕೆಂಪು ಬಟ್ಟೆಯ ಪಟ್ಟಿ ಕಟ್ಟತೊಡಗಿದರು.

ಆ ಬಟ್ಟೆ ಎಲ್ಲಿಯದೆಂದು ಅವರು ಯಾರಿಗೂ ಹೇಳಿದವರಲ್ಲ. ಅದು ಅವರ ಅಮ್ಮನ ಸಾಡೊ. ಮಂಗಳೂರು ಕಡೆಯ ಕ್ರೈಸ್ತರಲ್ಲಿ ಮದುಮಗಳು ಉಡುವ ಕೆಂಪು ಸೀರೆಗೆ ಸಾಡೊ ಎನ್ನುತ್ತಾರೆ. ಸ್ಟೆಲ್ಲಾಳ ಮದುವೆಗೆ ಬೇಕು ಎಂದು ಅಮ್ಮ ಅದನ್ನು ಟ್ರಂಕಿನಲ್ಲಿ ಎತ್ತಿಟ್ಟಿದ್ದರು. ಅಪ್ಪ ಹೋದ ಮೇಲೆ ಮೂವರು ತಂಗಿಯರ ಮದುವೆ ಮಾಡುವ ಭಾರ ಇವರ ತಲೆಗೆ ಬಂದು, ಕೊನೆಗೆ ಇವರ ಮದುವೆಯ ಮಾತೆತ್ತುವವರೇ ಇರಲಿಲ್ಲ. ತಂಗಿಯರಿಗೆ ಹೊಸ ಸಾಡೊ ಬಂತು, ಹಳೆಯದನ್ನು ನುಸಿ ತಿಂದಿತು. ಉಳಿದ ಗಟ್ಟಿ ಭಾಗವನ್ನು ಸ್ಟೆಲ್ಲಾ ಬಾಯಿ ಉದ್ದುದ್ದಕ್ಕೆ ಹರಿದು ದೋಹಾಕ್ಕೆ ತಂದರು. ಅತ್ತುಕೊಂಡು ಹರಿದರೆಂದು ತಿಳಿಯಬೇಡಿ. ಕೆಂಪು ದೂರದಿಂದ ಕಾಣುತ್ತದೆ, ಅಷ್ಟೇ, ಎನ್ನುವ ಜಾತಿಯ ಹೆಂಗಸು ಅವರು.

ಮದೀನತ್ ಖಲೀಫಾದ ವಿಲ್ಲಾದಲ್ಲಿ ಅವರು ಆಯಾ ಆಗಿದ್ದದ್ದು ಒಂದು ಇಂಗ್ಲಿಷ್ ಕುಟುಂಬಕ್ಕೆ. ಹೇಜಲ್ ಎಂಬ ಹನ್ನೊಂದು ತಿಂಗಳ ಮಗುವನ್ನು ಕೈಗೆ ಕೊಟ್ಟಾಗ ಅದು ಇವರ ಮುಖ ನೋಡಿ ಕಿರುಚಿತ್ತು. ಎರಡು ವಾರದಲ್ಲಿ ಇವರು ಕಣ್ಣಿಗೆ ಬೀಳದಿದ್ದರೆ ಕಿರುಚತೊಡಗಿತು. ಸ್ಟೆಲ್ಲಾ ಎನ್ನಲು ಬಾರದೆ ಟೆಲ್ಲಾ ಎಂದಿತು, ಆಮೇಲೆ ಬಂದರೂ ಹಾಗೆಯೇ ಎಂದಿತು. ಹೇಜಲ್ ಶಾಲೆಗೆ ಹೊರಟಾಗ ಅವಳ ಚೀಲದಂಥದೇ ಚೀಲ ತರಗತಿಯಲ್ಲಿ ಆರು ಮಕ್ಕಳ ಹತ್ತಿರ ಇತ್ತು. ಸ್ಟೆಲ್ಲಾ ಬಾಯಿ ಒಂದು ಕೆಂಪು ಪಟ್ಟಿ ಕಟ್ಟಿ, "ಹೆಂ ಆಮ್ಚೆಂ" ಎಂದು ಕೊಂಕಣಿಯಲ್ಲಿ ಹೇಳಿಕೊಟ್ಟರು. ಇದು ನಮ್ಮದು ಎಂದರ್ಥ. ಮಗು ಮನೆಯಲ್ಲಿ ಚಮಚ, ಬೆಕ್ಕು, ಅಪ್ಪನ ಶೂ ಎಲ್ಲವನ್ನೂ ಮುಟ್ಟಿ ಹೆಂ ಆಮ್ಚೆಂ ಎನ್ನುತ್ತಾ ತಿರುಗಿತು.

ಬೇಸಿಗೆಯಲ್ಲಿ ಆ ಕುಟುಂಬ ಅಜ್ಜಿಯ ಊರಿಗೆ ಹೋಗುತ್ತಿತ್ತು. ಊರಿನ ಹೆಸರು ರಿಚ್ಮಂಡ್. ಫ್ರಿಜ್ಜಿನ ಮೇಲೆ ಅಂಟಿಸಿದ್ದ ಫೋಟೋದಲ್ಲಿ ಗುಡ್ಡದ ಮೇಲೊಂದು ಹಳೇ ಕೋಟೆ, ಕೆಳಗೆ ನದಿ, ನದಿಯ ಪಕ್ಕ ಅಜ್ಜಿ. ವರ್ಷಕ್ಕೆ ಎರಡು ತಿಂಗಳು ತನ್ನ ಮಗುವನ್ನು ಕಿತ್ತುಕೊಳ್ಳುವ ಆ ರಿಚ್ಮಂಡಿನ ಮೇಲೆ ಸ್ಟೆಲ್ಲಾ ಬಾಯಿಗೆ ಸಣ್ಣ ಹೊಟ್ಟೆಕಿಚ್ಚೂ ಇತ್ತು. ಹೇಜಲ್‌ಗೆ ಹದಿಮೂರು ತುಂಬಿದಾಗ ರಿಚ್ಮಂಡ್ ಅವಳನ್ನು ಪೂರ್ತಿಯಾಗಿಯೇ ಕರೆಸಿಕೊಂಡಿತು. ಅವಳ ದೊಡ್ಡ ಸೂಟ್‌ಕೇಸಿಗೆ ಪಟ್ಟಿ ಕಟ್ಟಿ ಕಳಿಸಿ, ಸ್ಟೆಲ್ಲಾ ಬಾಯಿ ಒಂದು ಬೇಬಿ ನರ್ಸರಿಯಲ್ಲಿ ಕೆಲಸಕ್ಕೆ ಸೇರಿದರು. ಆಮೇಲೆ ಎಷ್ಟೋ ಮಕ್ಕಳನ್ನು ಎತ್ತಿ ಆಡಿಸಿದರು, ಆದರೆ ಭಾನುವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದದ್ದು ಹೇಜಲ್ ಒಬ್ಬಳೇ.

ಈ ವರ್ಷ ಏಪ್ರಿಲಿನಲ್ಲಿ ಬಂದ ಫೋನು ಮದುವೆಯದು. ಸೆಪ್ಟೆಂಬರಿನಲ್ಲಿ, ಅಜ್ಜಿಯ ಊರಿನ ಚರ್ಚಿನಲ್ಲಿ. ಸ್ಟೆಲ್ಲಾ ಬಾಯಿಗೆ ಜುಲೈಯಲ್ಲಿ ಮಂಡಿಯ ಆಪರೇಷನ್, ದೂರದ ಪ್ರಯಾಣ ಕೂಡದೆಂದು ಡಾಕ್ಟರ ಕಟ್ಟಪ್ಪಣೆ. ಹೇಜಲ್, "ಹಾಗಾದರೆ ನನ್ನ ವೇಲ್ ನೀನೇ ಮಾಡಬೇಕು. ನಾನು ಅಂಗಡಿಯಿಂದ ತರುವುದಿಲ್ಲ. ನೀನಿಲ್ಲದಿದ್ದರೆ ನೀನು ಮಾಡಿದ್ದಾದರೂ ನನ್ನ ತಲೆಯ ಮೇಲೆ ಇರಲಿ" ಎಂದಳು.

ಕನ್ಯಾಮಠದ ಸಿಸ್ಟರ್‌ಗಳು ಕಲಿಸಿದ ಕ್ರೋಶಾ ಹೆಣಿಗೆ ಕೈಯಲ್ಲಿತ್ತು. ನಾಲ್ಕು ತಿಂಗಳು, ಆಪರೇಷನ್ ಆಗಿ ಮಲಗಿದ್ದ ದಿನಗಳಲ್ಲೂ ಬಿಡದೆ, ಬಿಳಿ ನೂಲಿನಲ್ಲಿ ತಲೆಯಿಂದ ಸೊಂಟದವರೆಗೆ ಇಳಿಯುವ ವೇಲ್ ಹೆಣೆದರು. ಅಂಚಿನಲ್ಲಿ ಮಲ್ಲಿಗೆಯ ಮೊಗ್ಗು, ನೂರಾರು. ಮುಗಿದಾಗ ಮದುವೆಗೆ ಮೂರು ವಾರ ಉಳಿದಿತ್ತು.

ಈಗ ಕೊರಿಯರ್ ಮಾಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಗಲ್ಫಿನಲ್ಲಿ ಮೂವತ್ತೊಂದು ವರ್ಷ ಇದ್ದವರ ಹತ್ತಿರ ಆ ಮಾತು ಆಡಬಾರದು. ಅಲ್ಲಿಯವರಿಗೆ ಬೆಲೆಬಾಳುವ ವಸ್ತು ಎಂದರೆ ಹೋಗುವವರ ಕೈಯಲ್ಲಿ ಕೊಟ್ಟು ಕಳಿಸುವಂಥದ್ದು. ಪೊಟ್ಟಣದ ಮೇಲೆ ಮಾರ್ಕರ್ ಪೆನ್ನಿನಲ್ಲಿ ಹೆಸರು, ಊರು, ಫೋನ್ ನಂಬರ್ ಬರೆದರೆ ಮುಗಿಯಿತು. ತಲುಪಿದವರು ಫೋನ್ ಮಾಡುತ್ತಾರೆ, ಬೇಕಾದವರು ಬಂದು ಒಯ್ಯುತ್ತಾರೆ. ವಿಳಾಸ ಯಾರಿಗೆ ಬೇಕು?

ಹೋಗುವವರನ್ನು ಹುಡುಕಿಕೊಟ್ಟವರು ನರ್ಸರಿಯ ವ್ಯಾನ್ ಓಡಿಸುವ ಪೊಡಿಯಬ್ಬ, ವಿಟ್ಲ ಕಡೆಯ ಬ್ಯಾರಿ ಮುಸ್ಲಿಂ, ಹದಿನಾಲ್ಕು ವರ್ಷದ ಪರಿಚಯ.

"ನಿಮ್ಮ ಮಗು ಇರುದು ರಿಚ್ಮಂಡ್ ಅಲ್ವಾ ಬಾಯಿ? ನನ್ನ ತಂಗಿಯ ಮೊಮ್ಮಗಳು ಅಫ್ರಾ ಉಂಟಲ್ಲ, ಅವಳು ಕಲಿಯುದು ಅಲ್ಲಿಯೇ ಮಾರಾಯ್ರೆ! ಬರುವ ಮಂಗಳವಾರ ಊರಿಂದ ಬಂದು ಇಲ್ಲಿ ಇಳಿದು, ಬುಧವಾರ ಹೋಗ್ತಾಳೆ."

"ರಿಚ್ಮಂಡಿಗೆಯಾ?"

"ರಿಚ್ಮಂಡಿಗೇ!"

ಇಬ್ಬರಿಗೂ ಆದ ಸಂತೋಷಕ್ಕೆ ಎಲ್ಲೆಯೇ ಇರಲಿಲ್ಲ. ಮಂಗಳವಾರ ಅಫ್ರಾಳಿಗೆ ಕೋರಿ ರೊಟ್ಟಿ ಊಟ ಹಾಕಿ, ವೇಲಿನ ಪೊಟ್ಟಣಕ್ಕೆ ಕೆಂಪು ಪಟ್ಟಿ ಕಟ್ಟಿ ಕೊಟ್ಟರು. "ನಿಮ್ಮ ಊರು ಚಂದ ಅಲ್ವಾ?" ಎಂದು ಕೇಳಿದರು. ಅಫ್ರಾ, "ಚಂದ ಆಂಟಿ, ನದಿ ಉಂಟು" ಎಂದಳು. ನದಿ ಎಂದ ಮೇಲೆ ಇನ್ನೇನು ಕೇಳಲಿಕ್ಕಿದೆ?

ವಾರ ಕಳೆಯಿತು, ಎರಡಾಯಿತು. "ಆ ಹುಡುಗಿ ಇನ್ನೂ ಫೋನ್ ಮಾಡಲಿಲ್ಲ ಟೆಲ್ಲಾ" ಎಂದಳು ಹೇಜಲ್. "ನಿನ್ನ ಊರಿನಲ್ಲೇ ಇದ್ದಾಳೆ ಪುತಾ, ಕಾಲೇಜು ಶುರುವಾಗಿದೆಯಂತೆ, ಬಂದೇ ಬರುತ್ತಾಳೆ" ಎಂದರು ಇವರು. ಸಾಮಾನು ಒಯ್ದವರಿಗೆ ಮೇಲಿಂದ ಮೇಲೆ ಫೋನ್ ಮಾಡಿ ಕಾಡುವುದು ಮರ್ಯಾದೆಯಲ್ಲ. ಅಲ್ಲಿ ಅಫ್ರಾಳದೂ ಅದೇ ಲೆಕ್ಕ. ಊರಲ್ಲೇ ಇರುವವರಿಗೆ ಕೊಡಲು ಅವಸರವೇನು, ಶನಿವಾರ ತಾನೇ ಮದುವೆ, ಗುರುವಾರ ಫೋನ್ ಮಾಡಿದರೆ ಸಾಕು.

ಗುರುವಾರ ಸಂಜೆ ಐದಕ್ಕೆ ಪೊಡಿಯಬ್ಬ ಮೂರು ಮಾಳಿಗೆ ಹತ್ತಿ ಬಂದರು. ಏದುಸಿರು, ಬೆವರು, ಕೈಯಲ್ಲಿ ಫೋನು.

"ಬಾಯಿ, ನೀವು ಕೂತುಕೊಳ್ಳಿ ಮೊದಲು. ಅಫ್ರಾ ಫೋನ್ ಮಾಡಿದ್ಲು. ಪೊಟ್ಟಣದ ಮೇಲಿನ ನಂಬರ್ ಇಂಗ್ಲೆಂಡಿನದ್ದಂತೆ. ಅವಳು ಇರುದು ಕೆನಡಾದ ರಿಚ್ಮಂಡಂತೆ."

ಸ್ಟೆಲ್ಲಾ ಬಾಯಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಕೆನಡಾದ್ದು ಅಂದರೆ? ರಿಚ್ಮಂಡ್ ಒಂದೇ ಅಲ್ವಾ?"

ಎದುರು ಮನೆಯ ಪಂಚಪ್ಪ ಆಗಷ್ಟೇ ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಿಂದ ವಾರದ ರಜೆಗೆ ಬಂದು ಬೀಗ ತೆಗೆಯುತ್ತಿದ್ದರು. ವಿಷಯ ಕೇಳಿ ಚೀಲ ಹಿಡಿದುಕೊಂಡೇ ಒಳಗೆ ಬಂದರು.

"ಯಾವ ರಿಚ್ಮಂಡ್ ಅಂತ ಕೇಳಲಿಲ್ಲೇನ್ರಿ ಅಕ್ಕಾರ? ನಮ್ಮ ಕಡೆ ಯಾವ ಹೊಸೂರು ಅಂತ ಕೇಳದ ಯಾರೂ ಬಸ್ ಹತ್ತಂಗಿಲ್ಲ. ನಮ್ಮತ್ತಿ ಒಮ್ಮೆ ಬ್ಯಾರೆ ಹೊಸೂರಿಗೆ ಹೋಗಿ, ಗುರ್ತಿಲ್ಲದವರ ಮದವ್ಯಾಗ ಉಂಡು ಬಂದಾಳ್ರಿ."

ಹೇಳುತ್ತಲೇ ಫೋನ್ ತೆಗೆದು ಹುಡುಕಿ ಓದತೊಡಗಿದರು. ಅಮೆರಿಕದಲ್ಲಿ ಎಣಿಸಲಾರದಷ್ಟು ರಿಚ್ಮಂಡ್. ಆಸ್ಟ್ರೇಲಿಯಾದಲ್ಲಿ, ನ್ಯೂಜಿಲೆಂಡಿನಲ್ಲಿ, ದಕ್ಷಿಣ ಆಫ್ರಿಕಾದಲ್ಲಿ ರಿಚ್ಮಂಡ್. ಇಂಗ್ಲೆಂಡಿನಲ್ಲೇ ಲಂಡನ್ನಿನ ಪಕ್ಕ ಇನ್ನೊಂದು. "ಮನಷ್ಯಾರೂ ಅದಾರ್ರಿ ಇಲ್ಲೆ, ರಿಚ್ಮಂಡ್ ಅಂತ ಹೆಸರಿಟ್ಕೊಂಡವ್ರು! ಅಲ್ರೀ, ನಮ್ಮ ಬೆಂಗಳೂರಾಗ ರಿಚ್ಮಂಡ್ ಟೌನ್ ಇಲ್ಲೇನ್ರಿ?"

ಸ್ಟೆಲ್ಲಾ ಬಾಯಿ ಹಣೆಗೆ ಕೈ ಹಚ್ಚಿ ಕುಳಿತರು. ದೋಹಾಕ್ಕೆ ಬರುವ ಮೊದಲು ವೀಸಾ ಕಾಯುತ್ತ ಎರಡು ತಿಂಗಳು ಅವರು ಇದ್ದದ್ದು ಆ ರಿಚ್ಮಂಡ್ ಟೌನಿನ ಹಾಸ್ಟೆಲಿನಲ್ಲೇ. ಐದು ಸ್ಟೆಲ್ಲಾಗಳ ನಡುವೆ ಬದುಕಿ, ಪೆಟ್ಟಿಗೆ ಪೆಟ್ಟಿಗೆಗೂ ಪಟ್ಟಿ ಕಟ್ಟುವ ತನಗೆ ಇನ್ನೊಂದು ರಿಚ್ಮಂಡ್ ಇರಬಹುದೆಂದು ಹೊಳೆಯಲಿಲ್ಲವಲ್ಲ! ಅವರ ಮಟ್ಟಿಗೆ ಆ ಊರು ಒಂದೇ, ಏಕೆಂದರೆ ಹೇಜಲ್ ಇರುವ ಊರು ಒಂದೇ.

ಎರಡು ದಿನದಲ್ಲಿ ಕೆನಡಾದಿಂದ ಯಾವ ಕೊರಿಯರೂ ಮುಟ್ಟುವುದಿಲ್ಲವೆಂದು ಅಫ್ರಾ ವಿಚಾರಿಸಿ ಹೇಳಿಯಾಗಿತ್ತು. ಫೋನಿನಲ್ಲಿ ಅವಳು ಅಳುತ್ತಿದ್ದಳು. "ಅಳಬೇಡ ಮಗಾ, ಡಿಸೆಂಬರಿನಲ್ಲಿ ಬರುವಾಗ ವಾಪಸ್ ತಾ" ಎಂದು ಅವಳನ್ನು ಇವರೇ ಸಮಾಧಾನ ಮಾಡಬೇಕಾಯಿತು.

"ಕಸ್ಟಮ್ಸಿನಲ್ಲಿ ಸಿಕ್ಕಿಬಿದ್ದಿದೆ ಅಂತ ಹೇಳಿಬಿಡಿ ಬಾಯಿ. ಅವರ ತಲೆಗೆ ಕಟ್ಟಿದರೆ ಖಲಾಸ್, ಯಾರು ನೋಡಿದ್ದಾರೆ?" ಎಂದರು ಪೊಡಿಯಬ್ಬ.

"ಸುಳ್ಳು ಹೇಳಬಾರದು ಅಂತ ಆ ಮಗುವಿಗೆ ಕಲಿಸಿದ್ದೇ ನಾನು" ಎಂದು ಸ್ಟೆಲ್ಲಾ ಬಾಯಿ ಫೋನ್ ಎತ್ತಿಕೊಂಡರು. ನಡೆದದ್ದನ್ನು ನಡೆದ ಹಾಗೆ ಹೇಳಿದರು. "ಸರಿ ಟೆಲ್ಲಾ. ನಾನು ಏನಾದರೂ ನೋಡಿಕೊಳ್ಳುತ್ತೇನೆ" ಎಂದು ಹೇಜಲ್ ಫೋನ್ ಇಟ್ಟಳು. ಅವಳು ಕಿರುಚಿದ್ದರೆ, ಜಗಳಾಡಿದ್ದರೆ ಇವರಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಶುಕ್ರವಾರ ಫೋನಿಲ್ಲ. ಪೂಜೆ ಮುಗಿದೊಡನೆ ಸ್ಟೆಲ್ಲಾ ಬಾಯಿ ಯಾರ ಕೈಗೂ ಸಿಗದೆ ಮನೆಗೆ ಬಂದರು. ಹಿಂದಿನಿಂದ ಯಾರೋ ಹೆಸರು ಹಿಡಿದು ಕೂಗಿದ್ದು ಕೇಳಿಸಿತು, ತಿರುಗಲಿಲ್ಲ. ಇನ್ನೂ ನಾಲ್ಕು ಸ್ಟೆಲ್ಲಾಗಳಿದ್ದಾರಲ್ಲ, ಅವರು ತಿರುಗಲಿ. ಮಗು ಕೇಳಿದ್ದು ಒಂದೇ ಒಂದು, ಅದನ್ನೂ ಕೈಯಾರೆ ಬೇರೆ ಊರಿಗೆ ಕಳಿಸಿದೆನಲ್ಲ ಎಂದು ಮನಸ್ಸು ಒಂದೇ ಸಮನೆ ಚುಚ್ಚುತ್ತಿತ್ತು.

ಶನಿವಾರ ಮಧ್ಯಾಹ್ನ ಮೂರಕ್ಕೆ ಫೋನ್ ಬಡಿದುಕೊಂಡಿತು. ಇವರನ್ನು ನೋಡಿಹೋಗಲು ಬಂದಿದ್ದ ಪೊಡಿಯಬ್ಬ ಅದನ್ನು ನೀರಿನ ಬಾಟಲಿಗೆ ಒರಗಿಸಿ ನಿಲ್ಲಿಸಿದರು. ಪರದೆಯ ಮೇಲೆ ಹೇಜಲ್. ಬಿಳಿ ಗೌನು, ಟೆಲ್ಲಾ ಹೆಣೆಯುತ್ತಿದ್ದ ಹಾಗೆಯೇ ಹೆಣೆದ ಜಡೆ, ವೇಲಿಲ್ಲದೆ ಬರಿದಾಗಿ ಕಂಡ ತಲೆ. ಇವರು ಅಲ್ಲಿಂದ ಕಣ್ಣು ಕೀಳಲಿಲ್ಲ.

"ತಲೆ ನೋಡಬೇಡ ಟೆಲ್ಲಾ, ಇಲ್ಲಿ ನೋಡು" ಎಂದು ಹೇಜಲ್ ಬಲಗೈ ಎತ್ತಿದಳು.

ಮಣಿಕಟ್ಟಿಗೆ ಒಂದು ಕೆಂಪು ಪಟ್ಟಿ. ಮಾಸಿ ಗುಲಾಬಿಯಾಗಿತ್ತು, ಅಂಚು ಎಳೆ ಬಿಟ್ಟಿತ್ತು.

"ನೀನು ಸೂಟ್‌ಕೇಸಿಗೆ ಕಟ್ಟಿದ್ದು. ನಾನು ಬಿಚ್ಚಿರಲೇ ಇಲ್ಲ. ಅಜ್ಜಿಯ ಅಟ್ಟದಲ್ಲಿ ನಿನ್ನೆ ಇಡೀ ದಿನ ಹುಡುಕಿದೆ, ಅದಕ್ಕೇ ಫೋನ್ ಮಾಡಲಿಲ್ಲ." ಆಮೇಲೆ ಆ ಪಟ್ಟಿಯನ್ನು ಮುಟ್ಟಿ, ಹದಿನಾಲ್ಕು ವರ್ಷದ ಹಿಂದೆ ಬಿಟ್ಟ ಭಾಷೆಯಲ್ಲಿ, ಒಂದೊಂದೇ ಶಬ್ದ ಹುಡುಕಿ ಹೇಳಿದಳು: "ಹೆಂ ಆಮ್ಚೆಂ."

ಸ್ಟೆಲ್ಲಾ ಬಾಯಿ ಫೋನಿನ ಹತ್ತಿರಕ್ಕೆ ಬಗ್ಗಿದರು. ಹೇಳಲೇಬೇಕಾದ ಮಾತೊಂದಿತ್ತು. "ಪುತಾ, ಅದು ಬರೀ ಬಟ್ಟೆ ಅಲ್ಲ. ನನ್ನ ಅಮ್ಮ ಮದುವೆಗೆ ಉಟ್ಟ ಸೀರೆ. ನನ್ನ ಮದುವೆಗೆ ಅಂತ ಎತ್ತಿಟ್ಟಿದ್ದರು."

ಹೇಜಲ್ ಮಣಿಕಟ್ಟನ್ನೇ ನೋಡುತ್ತ ನಿಂತಳು. ಹಿಂದೆ ಚರ್ಚಿನ ಗಂಟೆ ಕೇಳಿಸಿತು, ಯಾರೋ ಅವಳನ್ನು ಕರೆದರು.

"ಹಾಗಾದರೆ ಅದು ಇವತ್ತು ಮದುವೆಗೆ ಹೋಗುತ್ತದೆ" ಎಂದು ಅವಳು ಕಣ್ಣೊರೆಸಿ, ಫೋನನ್ನು ಅಜ್ಜಿಯ ಕೈಗೆ ಕೊಟ್ಟು, ಒಳಗೆ ನಡೆದಳು.

ಸ್ಟೆಲ್ಲಾ ಬಾಯಿ ಮಂಚದ ಅಂಚು ಹಿಡಿದು ಎದ್ದು ನಿಂತರು. ತಲೆಯ ಮೇಲೆ ಸೆರಗೆಳೆದುಕೊಂಡರು. ಕೆನ್ನೆಯ ಮೇಲೆ ಇಳಿಯುವ ನೀರನ್ನು ಒರೆಸುವ ಗೋಜಿಗೂ ಹೋಗಲಿಲ್ಲ.

"ಕೂತುಕೊಳ್ಳಿ ಬಾಯಿ, ನಿಮ್ಮ ಮಂಡಿ" ಎಂದರು ಪೊಡಿಯಬ್ಬ.

"ನೀವೂ ಏಳಿ ಬ್ಯಾರಿಗಳೇ" ಎಂದರು ಸ್ಟೆಲ್ಲಾ ಬಾಯಿ. "ನಮ್ಮ ಮದುವೆ ನಡೀತಾ ಉಂಟು."